ನಿದ್ದೆಗೆಟ್ಟ ತಲೆಗೆ ಒಂದೆಲಗವೇ ಮದ್ದೇ?

ಪರೀಕ್ಷೆ ಹತ್ತಿರ ಬಂತೆಂದರೆ ಮಾರ್ಕೆಟ್ಟಿನಲ್ಲಿ ಒಂದೆಲಗದ ಕಟ್ಟು ಕಂಡಕೂಡಲೇ ನನ್ನ ಚೀಲ ಸೇರುತ್ತದೆ. ಮಗ ರಾತ್ರಿ ಎರಡರವರೆಗೆ ಓದಿ, ಬೆಳಿಗ್ಗೆ ಕೇಳಿದರೆ ‘ಮರೆತೇಹೋಯ್ತಮ್ಮಾ’ ಅಂತಾನೆ. ಸೊಪ್ಪು ತಿನ್ನಿಸಿದರೆ ಸರಿಹೋದೀತೇ?

ಬ್ರಾಹ್ಮಿ ಎಂದು ಕರೆಸಿಕೊಳ್ಳುವ ಗಿಡಗಳು ಎರಡು. ತೊಟ್ಟಿಗೊಂದೇ ದುಂಡನೆಯ ಎಲೆಯಿರುವುದು ಒಂದೆಲಗ. ಸಣ್ಣ, ದಪ್ಪ ಎಲೆಯ ಕಹಿ ಗಿಡ ನೀರುಬ್ರಾಹ್ಮಿ. ನಮ್ಮ ಯಲಹಂಕದ ಬಳಿ ಜಾರಕಬಂಡೆ ಕಾವಲಿನಲ್ಲಿ, 1993ರಲ್ಲಿ ಶುರುವಾದ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯವರು ಇಂಥ ಔಷಧಿ ಗಿಡಗಳಿಗೆಂದೇ ತೋಟ ಮಾಡಿದ್ದಾರೆ.

ನೀರುಬ್ರಾಹ್ಮಿಯಲ್ಲಿರುವ ಬ್ಯಾಕೊಸೈಡ್ ಎಂಬ ಅಂಶದ ಬಗ್ಗೆ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಬಹಳ ಕೆಲಸ ಮಾಡಿದೆ. ನಿದ್ದೆಗೆಡಿಸಿದ ಇಲಿಗಳಿಗೆ ಒಂದೆಲಗದ ಸಾರ ಕೊಟ್ಟಾಗ ಮಿದುಳಿನ ಹಾನಿ ತಗ್ಗಿದ್ದೂ ಕಂಡುಬಂದಿದೆ. ಆದರೆ ಇಲಿ ಇಲಿಯೇ, ನಮ್ಮ ಹುಡುಗರಲ್ಲವಲ್ಲ! ಮನುಷ್ಯರಿಗೆ ನೀರುಬ್ರಾಹ್ಮಿ ಕೊಟ್ಟು ನೋಡಿದ್ದು ಹೆಚ್ಚಾಗಿ 12 ವಾರಗಳಷ್ಟು ಕಾಲ. ನಾಳಿನ ಪರೀಕ್ಷೆಗೆ ಇಂದಿನ ತಂಬುಳಿ ಎಲ್ಲಿ ಸಾಕು? ಓದಿದ್ದು ತಲೆಯಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲೇ.

ಹಾಗಾಗಿ ಈಗ ಹತ್ತೂವರೆಗೆ ನಾನೇ ದೀಪ ಆರಿಸುತ್ತೇನೆ. ತಂಬುಳಿಯನ್ನೇನೂ ಬಿಟ್ಟಿಲ್ಲ. ಒಂದು ಹಿಡಿ ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ಕಾಯಿತುರಿಯೊಡನೆ ನುಣ್ಣಗೆ ರುಬ್ಬಿ, ಮಜ್ಜಿಗೆ, ಉಪ್ಪು ಬೆರೆಸಿ. ಗರ್ಭಿಣಿಯರು, ದಿನವೂ ಮಾತ್ರೆ ನುಂಗುವವರು ಬ್ರಾಹ್ಮಿಯ ಪುಡಿ, ಗುಳಿಗೆಗಳನ್ನು ಮಾತ್ರ ಡಾಕ್ಟರನ್ನು ಕೇಳದೆ ಮುಟ್ಟಬೇಡಿ.