ಮನಸ್ಸಿಗೂ ಬೇನೆಯುಂಟು

ಬೆಂಗಳೂರಿನ ದಕ್ಷಿಣದಲ್ಲಿ ವಸಂತಪುರವೆಂಬ ಹಳೆಯ ಊರಿದೆ. ಗುಡ್ಡದ ಮೇಲೆ ವಸಂತವಲ್ಲಭರಾಯನ ಗುಡಿಯಿರುವ ಈ ಊರು ಈಗ ನಗರದೊಳಗೆ ಸೇರಿಹೋಗಿದೆ. ಕನಕಪುರ ರಸ್ತೆ, ಕುಮಾರಸ್ವಾಮಿ ಬಡಾವಣೆಗಳ ಕಾಲೇಜುಗಳಲ್ಲಿ ಓದಲು ನಾನಾ ಜಿಲ್ಲೆಗಳಿಂದ ಬಂದ ತರುಣ ತರುಣಿಯರು ಈ ಭಾಗದ ಬಾಡಿಗೆ ಕೋಣೆಗಳಲ್ಲಿ ವಾಸಿಸುತ್ತಾರೆ. ಅವರಲ್ಲೊಬ್ಬನಿಗೆ ಜ್ವರ ಬಂದರೆ ಜೊತೆಯವರು ಗಂಜಿ ಕಾಯಿಸಿಕೊಡುತ್ತಾರೆ, ವೈದ್ಯರ ಬಳಿಗೆ ಕರೆದೊಯ್ಯುತ್ತಾರೆ. ಆದರೆ ಅವನಿಗೆ ವಾರಗಟ್ಟಲೆ ನಿದ್ರೆ ಬಾರದೆ, ಊಟ ಸೇರದೆ, ಓದಿದ ಅಕ್ಷರ ಮನಸ್ಸಿಗೆ ಹತ್ತದೆ, ಯಾರೊಡನೆಯೂ ಮಾತು ಬೇಡವೆನಿಸಿದರೆ? 'ಸೋಮಾರಿ' ಎನ್ನುವವರುಂಟು; 'ಮನೆಯ ನೆನಪು, ತಾನೇ ಸರಿಹೋಗುತ್ತದೆ' ಎನ್ನುವವರುಂಟು. ವೈದ್ಯರ ಮಾತನ್ನು ಎತ್ತುವವರು ವಿರಳ.

ಹೀಗೆ ಎರಡು ವಾರಕ್ಕೂ ಮೀರಿ ದಿನದ ಬಹುಭಾಗ ಕವಿದಿರುವ ಮಂಕನ್ನು ವೈದ್ಯರು ಖಿನ್ನತೆಯ ಲಕ್ಷಣವೆಂದು ಪರಿಗಣಿಸುತ್ತಾರೆ. ಇದು ಒಂದು ದಿನದ ಬೇಸರವಲ್ಲ. ಮನೋಬಲದ ಕೊರತೆಯೂ ಅಲ್ಲ. ಮಿದುಳಿನ ವ್ಯಾಪಾರ, ವಂಶದಿಂದ ಬಂದ ಗುಣ, ಬಾಳಿನ ಕಷ್ಟಗಳು ಒಂದರೊಡನೊಂದು ಹೆಣೆದುಕೊಂಡು ಇದಕ್ಕೆ ಕಾರಣವಾಗುತ್ತವೆ. ಮನೋರೋಗಗಳಲ್ಲಿ ಅನೇಕವು ಇಪ್ಪತ್ತೈದನೆಯ ವಯಸ್ಸಿನೊಳಗೇ ತಲೆದೋರುವುದರಿಂದ ವಿಶ್ವವಿದ್ಯಾನಿಲಯದ ವರ್ಷಗಳು ಎಚ್ಚರದಿಂದ ನೋಡಬೇಕಾದ ವರ್ಷಗಳು. ಔಷಧಿಯಿಂದಲೂ ಆಪ್ತಸಲಹೆಯಿಂದಲೂ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ.

ಆದರೂ ಜನ ಚಿಕಿತ್ಸೆಗೆ ಹಿಂಜರಿಯುವುದೇಕೆ? ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್ ಸಂಸ್ಥೆಯ ಚರಿತ್ರೆಯನ್ನೇ ನೋಡಿರಿ. ಅದರ ಮೂಲ 1847ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹುಚ್ಚರ ಆಶ್ರಯಾಲಯ. 1925ರಲ್ಲಿ ಅದು ಮಾನಸಿಕ ಆಸ್ಪತ್ರೆಯೆನಿಸಿತು. 1954ರಲ್ಲಿ ಅದರೊಡನೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. 1974ರಲ್ಲಿ ಇವೆರಡೂ ಕೂಡಿ ಇಂದಿನ ಸಂಸ್ಥೆಯಾಯಿತು. ಹೆಸರು ಇಷ್ಟು ಬಾರಿ ಬದಲಾದರೂ ಜನರ ನಾಲಗೆಯ ಮೇಲೆ ಅದು ಬಹುಕಾಲ 'ಹುಚ್ಚಾಸ್ಪತ್ರೆ'ಯಾಗಿಯೇ ಉಳಿಯಿತು. ಅತ್ತ ಹೋದವನಿಗೆ ಆ ಹೆಸರು ಅಂಟಿಕೊಳ್ಳುವುದೆಂಬ ಅಂಜಿಕೆ ವಿದ್ಯಾವಂತರನ್ನೂ ಬಿಟ್ಟಿಲ್ಲ. ಇದೇ ಸಂಸ್ಥೆ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಂತೆ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ದೊರೆತಿರಲಿಲ್ಲ.

ಈ ಅಂಜಿಕೆ ಬರಿಯ ಭ್ರಮೆಯಲ್ಲ. ಮನಶ್ಶಾಸ್ತ್ರವನ್ನು ಅಭ್ಯಾಸ ಮಾಡಿದ್ದ ಲೇಖಕಿ ತ್ರಿವೇಣಿ 'ಶರಪಂಜರ' ಕಾದಂಬರಿಯಲ್ಲಿ ಅದರ ಬೇರನ್ನು ತೋರಿಸಿದ್ದಾರೆ. ಹೆರಿಗೆಯ ಅನಂತರ ಮನೋರೋಗಕ್ಕೆ ತುತ್ತಾದ ಕಾವೇರಿ ಗುಣಹೊಂದಿ ಮನೆಗೆ ಮರಳುತ್ತಾಳೆ. ಆದರೆ ಅವಳು ನಕ್ಕರೂ ತಪ್ಪು, ಸಿಟ್ಟಾದರೂ ತಪ್ಪು. ಎಲ್ಲರ ಕಣ್ಣಿನಲ್ಲಿಯೂ ಸಂಶಯ. ವೈದ್ಯರು ಗುಣಪಡಿಸಿದ್ದನ್ನು ಮನೆಯವರೂ ನೆರೆಯವರೂ ಸೇರಿ ಕೆಡಿಸುತ್ತಾರೆ. ಪುಟ್ಟಣ್ಣ ಕಣಗಾಲರ ನಿರ್ದೇಶನದಲ್ಲಿ ಇದು ಚಲನಚಿತ್ರವಾಗಿ ಕನ್ನಡಿಗರ ಮನೆಮಾತಾಯಿತು. 'ತಲೆ ಕೆಟ್ಟಿದೆಯೇ?' ಎಂದು ತರಗತಿಯಲ್ಲಿ ಗೆಳೆಯನನ್ನು ಹಾಸ್ಯ ಮಾಡುವಾಗ ನಾವೂ ಆ ನೆರೆಯವರ ಸಾಲಿಗೆ ಸೇರುತ್ತೇವಲ್ಲವೇ?

ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಮನೋರೋಗಗಳನ್ನು ಕುರಿತು ಸರಳ ಕನ್ನಡದಲ್ಲಿ ಅನೇಕ ಪುಸ್ತಕಗಳನ್ನು ಬರೆದು ಈ ಸಂಶಯವನ್ನು ಕಳೆಯಲು ದುಡಿದಿದ್ದಾರೆ. ಕಾನೂನೂ ಬದಲಾಗಿದೆ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಂತೆ ಮನಸ್ಸಿನ ರೋಗಿಯನ್ನು ದೇಹದ ರೋಗಿಗೆ ಸಮನಾಗಿ ಕಾಣಬೇಕು, ಅವನ ಚಿಕಿತ್ಸೆಯ ವಿವರವನ್ನು ಗೋಪ್ಯವಾಗಿಡಬೇಕು. 2022ರ ಅಕ್ಟೋಬರ್ 10ರಂದು ಟೆಲಿ-ಮಾನಸ್ ಎಂಬ ದೂರವಾಣಿ ಸೇವೆ ಆರಂಭವಾಯಿತು. ಅದರ ಸಂಖ್ಯೆ 14416. ಹಗಲಿರುಳೂ ಉಚಿತವಾಗಿ ದೊರೆಯುವ ಈ ಸೇವೆಯಲ್ಲಿ ಕರೆ ಮಾಡಿದವರು ತಮ್ಮ ಕಷ್ಟವನ್ನು ಕನ್ನಡದಲ್ಲಿಯೇ ಹೇಳಿಕೊಳ್ಳಬಹುದು.