ದಾಳಿಂಬೆ ಸಿಪ್ಪೆ: ಕೃತಕ ನೂಲಿಗೆ ಒಗರಿನ ಲೇಪ

ಕಾಯಿ ಸೀಳಿತೋ, ವ್ಯಾಪಾರಿ ಮುಟ್ಟೋದಿಲ್ಲ. ಬಾಗಲಕೋಟೆ, ಹುನಗುಂದ ಕಡೆಯ ದಾಳಿಂಬೆ ಬೆಳೆಗಾರರಿಗೆ ಇದು ಹೊಸ ಮಾತಲ್ಲ. ಕಾಳು ಮನೆಗೋ ರಸದಂಗಡಿಗೋ ಹೋಗುತ್ತದೆ, ಸಿಪ್ಪೆ ತಿಪ್ಪೆಗೆ. ಹಣ್ಣಿನ ತೂಕದಲ್ಲಿ ಹತ್ತಿರಹತ್ತಿರ ಅರ್ಧ ಸಿಪ್ಪೆಯೇ. ವಿದ್ಯಾಗಿರಿ, ನವನಗರಗಳಲ್ಲಿ ರಸ ಹಿಂಡುವ ಕಡೆಯೂ ಇದೇ ಕತೆ.

ಈ ಸಿಪ್ಪೆ ಬಟ್ಟೆಗೆ ಬಣ್ಣ ಕೊಡುತ್ತದೆ, ಗುಣವನ್ನೂ ಕೊಡುತ್ತದೆ. ಆದರೆ ಎಲ್ಲ ನೂಲಿಗೂ ಒಂದೇ ಥರ ಅಲ್ಲ. ಮಾರಲು ಹೊರಡುವ ಮೊದಲು ಇದು ತಿಳಿದಿರಬೇಕು.

ಒಗರಿನ ಕೆಲಸ

ಸಿಪ್ಪೆ ಕಚ್ಚಿದರೆ ನಾಲಿಗೆ ಹಿಡಿಯುತ್ತದಲ್ಲ, ಆ ಒಗರೇ ಟ್ಯಾನಿನ್. ಅಳಲೆಕಾಯಿಯಲ್ಲಿರುವುದೂ ಇದೇ ಜಾತಿಯದು. ನೂಲಿಗೆ ಅಂಟಿದ ಟ್ಯಾನಿನ್ ಬೆವರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. ಬಿಸಿಲಿನ ಅತಿನೇರಳೆ ಕಿರಣವನ್ನೂ ಹೀರುತ್ತದೆ.

ಎರಡು ನೂಲು, ಎರಡು ದಾರಿ

ಇಳಕಲ್ ಸೀರೆಯ ಒಡಲು ಹತ್ತಿಯದು. ಸೆರಗಿಗೆ ರೇಷ್ಮೆ, ಇಲ್ಲವೇ ಕೃತಕ ರೇಷ್ಮೆ. ಈ ಕೃತಕ ರೇಷ್ಮೆ, ಅಂದರೆ ರೇಯಾನ್, ಮರದ ತಿರುಳಿನಿಂದ ಆದದ್ದು. ಒಳಗುಣ ಹತ್ತಿಯದೇ. ನೀರು ಕುಡಿಯುತ್ತದೆ, ಒಗರು ಹಿಡಿಯುತ್ತದೆ.

ಪಾಲಿಯೆಸ್ಟರ್ ಹುಟ್ಟಿದ್ದು ಕಲ್ಲೆಣ್ಣೆಯಿಂದ. ಸಾಧಾರಣ ಹವೆಯಲ್ಲಿ ಹತ್ತಿ ಶೇ. 8ರಷ್ಟು ತೇವ ಹೀರಿದರೆ, ಇದು ಶೇ. ಅರ್ಧದಷ್ಟನ್ನೂ ಹೀರದು. ಅದಕ್ಕೇ ಸೆಖೆ, ವಾಸನೆ. ಬರೀ ಸಿಪ್ಪೆ ನೀರಲ್ಲಿ ಕುದಿಸಿದರೆ ಬಣ್ಣ ಒಗೆತಕ್ಕೆ ನಿಲ್ಲೋದಿಲ್ಲ. ಕಾರ್ಖಾನೆಯಲ್ಲಿ ಕಾಸ್ಟಿಕ್ ಸೋಡಾದಿಂದ ನೂಲಿನ ಹೊರಮೈಯನ್ನು ತುಸು ತಿನ್ನಿಸುತ್ತಾರೆ. ಆಗ ನೀರಿಗೂ ಒಗರಿಗೂ ಹಿಡಿಯಲು ಜಾಗ ಸಿಗುತ್ತದೆ. ಮೈ ಸುಡುವ ಈ ಕೆಲಸ ಮನೆಯಲ್ಲಿ ಬೇಡ.

ಮಾಡಿ ನೋಡಿ

ರೇಯಾನ್ ತುಂಡಿನ ಮೇಲೆ ಯಾರೂ ಪರೀಕ್ಷಿಸಬಹುದು. 100 ಗ್ರಾಂ ಬಟ್ಟೆಗೆ 25 ಗ್ರಾಂ ಒಣ ಸಿಪ್ಪೆ ಸಾಕು. ಸಿಪ್ಪೆ ಕುಟ್ಟಿ, 3 ಲೀಟರ್ ನೀರಲ್ಲಿ ಒಂದು ತಾಸು ಕುದಿಸಿ ಸೋಸಿ. ಒದ್ದೆ ಬಟ್ಟೆಯನ್ನು ಇದರಲ್ಲಿ ಸಣ್ಣ ಉರಿಯಲ್ಲಿ ಮುಕ್ಕಾಲು ತಾಸು ಇಡಿ. ಆಮೇಲೆ 15 ಗ್ರಾಂ ಪಟಿಕ ಕರಗಿಸಿದ ಬಿಸಿನೀರಲ್ಲಿ ಅರ್ಧ ತಾಸು ನೆನೆಸಿ. ಹಳದಿ ಬರುತ್ತದೆ. ಪಟಿಕದ ಬದಲು ಚಿಟಿಕೆ ಅನ್ನಭೇದಿ ಹಾಕಿದರೆ ಕಪ್ಪುಬೂದಿ ಬಣ್ಣ. ಕಬ್ಬಿಣದ ಪಾತ್ರೆ ಬೇಡ, ಬಣ್ಣ ಕಪ್ಪಾಗುತ್ತದೆ. ರೇಯಾನ್ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ; ಹಿಂಡದೆ ನೆರಳಲ್ಲಿ ಹರವಿ.

ತುಂಡಿನ ಅರ್ಧ ಭಾಗವನ್ನು ರಟ್ಟಿನಲ್ಲಿ ಮುಚ್ಚಿ ಒಂದು ವಾರ ಬಿಸಿಲಿಗಿಡಿ. ಇನ್ನೊಂದು ತುಂಡನ್ನು ಹತ್ತು ಸಲ ಸೋಪಿನಲ್ಲಿ ಒಗೆಯಿರಿ. ನೇಕಾರರಿಗೆ ತೋರಿಸಬೇಕಾದ್ದು ಈ ತುಂಡುಗಳನ್ನು. ಅವರು ಕೇಳುವ ಮೊದಲ ಪ್ರಶ್ನೆಯೇ ‘ಬಣ್ಣ ಬಿಡ್ತದೇನ್ರೀ?’

ಎಚ್ಚರ

ದುಂಡಾಣು ಅಂಗಮಾರಿ ತಗಲಿದ ಕಾಯಿಯನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ತೋಟದಲ್ಲಿ ಒಣಹಾಕಿದರೆ ರೋಗ ಉಳಿಸಿಕೊಂಡ ಹಾಗೆ. ಅದನ್ನು ಆರಿಸಿ ಸುಡುವುದೇ ಸರಿ. ಬರೀ ಸೀಳಿದ, ರೋಗವಿಲ್ಲದ ಕಾಯಿಯ ಸಿಪ್ಪೆಯನ್ನು ಬೂಸು ಹಿಡಿಯದಂತೆ ಗರಿಗರಿಯಾಗಿ ಒಣಗಿಸಿ ಚೀಲದಲ್ಲಿಡಿ.

ಪಾಲಿಯೆಸ್ಟರ್ ಗಿರಣಿಯ ಕನಸು ಆಮೇಲೆ ನೋಡೋಣ. ಹತ್ತಿ, ಕೃತಕ ರೇಷ್ಮೆಯ ಮಗ್ಗಗಳು ನಮ್ಮ ಪಕ್ಕದಲ್ಲೇ ಇವೆ. ಮೊದಲ ಚೀಲ ಅಲ್ಲಿಗೇ ಹೋಗಲಿ.