ರಾಸುಗಳ ಹಲ್ಲು, ದೇಹಸ್ಥಿತಿ ಮತ್ತು ಬಾವಿಯ ನೀರು

ಜಾತ್ರೆಯಲ್ಲಿ ಎತ್ತನ್ನು ಕೊಳ್ಳುವವನು ಮೊದಲು ಅದರ ಬಾಯಿಯನ್ನು ಬಿಡಿಸಿ ನೋಡುವುದು ವಾಡಿಕೆಯಷ್ಟೆ. ದನಗಳಿಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲುಗಳಿರುವುದಿಲ್ಲ; ಅಲ್ಲಿ ಗಟ್ಟಿಯಾದ ವಸಡು ಮಾತ್ರವಿರುತ್ತದೆ. ಕೆಳದವಡೆಯಲ್ಲಿ ೮ ಬಾಚಿಹಲ್ಲುಗಳಿವೆ. ಹಾಲುಹಲ್ಲುಗಳು ನಡುವಿನಿಂದ ಜೋಡಿಜೋಡಿಯಾಗಿ ಬಿದ್ದು, ನಾಟಿ ರಾಸುಗಳಲ್ಲಿ ಎರಡು ಎರಡೂವರೆ ವರ್ಷಕ್ಕೆ ೨ ಹಲ್ಲು, ಸುಮಾರು ಮೂರಕ್ಕೆ ೪, ನಾಲ್ಕರ ಹೊತ್ತಿಗೆ ೬, ಐದರ ಸುಮಾರಿಗೆ ೮ ಹಲ್ಲು ಬಂದು ಬಾಯಿ ಕೂಡುತ್ತದೆ.

ಆದರೆ ಈ ಲೆಕ್ಕವು ಹೊಟ್ಟೆ ತುಂಬ ಮೇವುಂಡು ಬೆಳೆದ ರಾಸಿಗೆ ಮಾತ್ರ ಸಲ್ಲತಕ್ಕದ್ದು. ಕರುವಾಗಿದ್ದಾಗ ಬರಗಾಲದಲ್ಲಿ ಸೊರಗಿದ ಹೋರಿಗೆ ಹಲ್ಲು ತಡವಾಗಿ ಹುಟ್ಟುವುದುಂಟು. ಅಂತಹುದನ್ನು ಎಳೆಯದೆಂದು ಹೆಚ್ಚಿನ ಬೆಲೆ ಕೊಟ್ಟು ಕೊಂಡವನು ನಷ್ಟಕ್ಕೆ ಗುರಿಯಾಗುವನು. ಹಲ್ಲು ದೇಹದಿಂದ ಬೇರೆಯಾದ ವಸ್ತುವಲ್ಲ. ದೇಹಕ್ಕೆ ಬಂದ ಕೊರತೆಯೂ ರೋಗವೂ ಅದರಲ್ಲಿ ಕಾಣಿಸಿಕೊಳ್ಳುತ್ತವೆ. ದವಡೆಯ ಎಲುಬಿಗೆ ರೋಗಾಣುಗಳು ಸೇರಿ ಗಂಟು ಕಟ್ಟಿದಾಗ ದವಡೆಹಲ್ಲುಗಳು ಅಲುಗಾಡುವುವು, ಮೇವು ಬಾಯಿಂದ ಜಾರುವುದು, ಜೊಲ್ಲು ಸುರಿಯುವುದು. ಊದಿದ ಎಲುಬು ಮರಳಿ ಮೊದಲಿನಂತಾಗುವುದು ಕಷ್ಟವಾದುದರಿಂದ, ಗಂಟು ಚಿಕ್ಕದಿರುವಾಗಲೇ ಪಶುವೈದ್ಯರಿಗೆ ತೋರಿಸತಕ್ಕದ್ದು.

ನಮ್ಮ ಬಯಲುಸೀಮೆಯಲ್ಲಿ ಇವೆಲ್ಲಕ್ಕಿಂತ ಹೆಚ್ಚಾಗಿ ಗಮನಿಸಬೇಕಾದುದು ನೀರಿನಲ್ಲಿರುವ ಫ್ಲೋರೈಡ್ ಎಂಬ ಲವಣದ ಕೇಡು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ಗದಗ, ಕೊಪ್ಪಳ, ರಾಯಚೂರು ಜಿಲ್ಲೆಗಳ ಅನೇಕ ಕೊಳವೆಬಾವಿಗಳಲ್ಲಿ ಇದು ಮಿತಿಮೀರಿದೆ. ಕಗ್ಗಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಕಲ್ಲಿನೊಳಗಿನ ಈ ಲವಣವನ್ನು ಕರಗಿಸಿಕೊಳ್ಳುವುದೇ ಇದಕ್ಕೆ ಕಾರಣ.

ಕರುವು ಇಂತಹ ನೀರನ್ನು ಕುಡಿದಾಗ ಲವಣವು ರಕ್ತವನ್ನು ಸೇರಿ, ದವಡೆಯೊಳಗೆ ಇನ್ನೂ ರೂಪುಗೊಳ್ಳುತ್ತಿರುವ ಹಲ್ಲಿನ ಹೊಳಪುಪದರವನ್ನು ಕೆಡಿಸುತ್ತದೆ. ಹಲ್ಲು ಹೊರಬಂದಾಗ ಸುಣ್ಣದಂತಹ ಬಿಳಿಯ ಮಚ್ಚೆಗಳೂ ಕಂದುಗೆರೆಗಳೂ ಗುಳಿಗಳೂ ಕಾಣುವುವು. ಪೂರ್ತಿ ಬೆಳೆದ ಹಲ್ಲಿಗೆ ಈ ಕಲೆಯು ಹತ್ತುವುದಿಲ್ಲ. ಆದುದರಿಂದ ಕಲೆಯುಳ್ಳ ಬಾಯಿಯು ಆ ರಾಸು ಕರುವಾಗಿದ್ದಾಗ ಕುಡಿದ ನೀರಿನ ಸಾಕ್ಷಿಯಾಗಿದೆ. ಹಸುರು ಮೇವಿನ ಕರೆಯೂ ಹಲ್ಲನ್ನು ಕಂದಾಗಿಸುವುದು ನಿಜ, ಆದರೆ ಅದು ಕೆರೆದರೆ ಹೋಗುತ್ತದೆ, ಇದು ಹೋಗದು. ಕೆಟ್ಟ ಹಲ್ಲುಗಳು ಬೇಗನೆ, ಅದೂ ಏರುತಗ್ಗಾಗಿ ಸವೆಯುವುದರಿಂದ ಪ್ರಾಯದ ಎತ್ತು ಮುದಿಯಂತೆ ತೋರುವುದು, ಮೇವನ್ನು ಸರಿಯಾಗಿ ಅಗಿಯಲಾರದೆ ಬಡವಾಗುವುದು. ಮುಂದೆ ಎಲುಬುಗಳಲ್ಲಿ ಗಂಟೆದ್ದು ಕುಂಟುವುದೂ ಉಂಟು. ಇಂತಹ ಎತ್ತಿಗೆ ಎಷ್ಟು ಹಿಂಡಿ ಹಾಕಿದರೇನು!

ಶುದ್ಧಿಮಾಡದ ಶಿಲಾರಂಜಕವನ್ನು ಬೆರೆಸಿದ ಅಗ್ಗದ ಖನಿಜಮಿಶ್ರಣದಿಂದಲೂ ಇದೇ ಕೇಡು ಬರಬಹುದಾದುದರಿಂದ, ಫ್ಲೋರೈಡ್ ತೆಗೆದುದೆಂದು ಖಾತರಿಯಾದ ಮಿಶ್ರಣವನ್ನೇ ಕೊಳ್ಳತಕ್ಕದ್ದು.

ಕೊಟ್ಟಿಗೆಗೆ ಹೋಗುವ ನೀರೇ ಮನೆಯೊಳಗಿನ ಕೊಡಕ್ಕೂ ಬರುತ್ತದೆ. ಹಿಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯ ಜನರಲ್ಲಿ ಈ ರೋಗವನ್ನು ವೈದ್ಯರು ೧೯೩೭ರಲ್ಲಿಯೇ ವರ್ಣಿಸಿದ್ದರು. ಮಕ್ಕಳ ಮುಂಬಾಯಿಯ ಶಾಶ್ವತ ಹಲ್ಲುಗಳಿಗೆ ಕಲೆಯ ಅಪಾಯವು ಹೆಚ್ಚಾಗಿರುವುದು ಹುಟ್ಟಿದಂದಿನಿಂದ ಸುಮಾರು ಎಂಟು ವರ್ಷದೊಳಗೆ. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ ೧ ಮಿಲಿಗ್ರಾಂ ಫ್ಲೋರೈಡ್ ನಮ್ಮ ದೇಶದ ಅಂಗೀಕೃತ ಮಿತಿ. ಬೇರೆ ನೀರು ದೊರೆಯದಿದ್ದಲ್ಲಿ ೧.೫ರವರೆಗೆ ಸಲ್ಲುತ್ತದೆ. ಕಾಯಿಸಿದರೆ ಈ ದೋಷವು ನೀಗುವುದೆಂಬ ನಂಬಿಕೆ ಹಳ್ಳಿಗಳಲ್ಲಿದೆ. ಅದು ತಪ್ಪು, ಆವಿಯಾಗಿ ಹೋಗುವುದು ನೀರು, ಉಳಿಯುವುದು ಲವಣ. ಪಟಿಕ ಮತ್ತು ಸುಣ್ಣವನ್ನು ಹಾಕಿ ತಿಳಿಗೊಳಿಸುವ ನಲಗೊಂಡ ವಿಧಾನವಿದೆಯಾದರೂ, ಪ್ರಮಾಣವು ಆಯಾ ನೀರಿನ ಗುಣವನ್ನು ಅನುಸರಿಸುವುದರಿಂದ ಅಂದಾಜಿನಲ್ಲಿ ಮಾಡಬಾರದು. ಮೊದಲು ನೀರನ್ನು ಪರೀಕ್ಷೆಗೆ ಕಳುಹಿಸಬೇಕು. ಎಳೆಗರುಗಳಿಗೆ ಮಳೆಯಿಂದ ತುಂಬಿದ ಕೆರೆಯ ನೀರನ್ನು ಕುಡಿಸಬಹುದು. ಮಕ್ಕಳಿಗೆ ಶುಚಿಯಾಗಿ ಹಿಡಿದಿಟ್ಟ ಮಾಳಿಗೆಯ ಮಳೆನೀರನ್ನು ಸೋಸಿ, ಕಾಯಿಸಿ ಆರಿಸಿ ಕೊಡಬಹುದು. ಆ ನೀರಿನಲ್ಲಿ ಲವಣವಿರದ ಕಾರಣ ಅಲ್ಲಿ ಕಾಯಿಸುವುದು ರೋಗಾಣುಗಳ ನಿವಾರಣೆಗಾಗಿ ಮಾತ್ರ.